ಬಣ್ಣ ಕುಡಿದ ಕೋಶಗಳು

ಸೋಮಪ್ಪನ ಮೂತ್ರದಲ್ಲಿ ಮೊದಲ ಸಲ ಕೆಂಪು ಕಾಣಿಸಿಕೊಂಡಾಗ ಅವನು ಅದನ್ನು ರಕ್ತವೆಂದು ತಿಳಿಯಲಿಲ್ಲ, ಬಣ್ಣವೆಂದು ತಿಳಿದನು.

ಹಾಗೆ ತಿಳಿಯುವುದಕ್ಕೆ ಕಾರಣವಿತ್ತು. ಹಳೆಯ ಹುಬ್ಬಳ್ಳಿಯ ನೀಲಗಾರರ ಓಣಿಯಲ್ಲಿ ಹುಟ್ಟಿ, ನಡೆಯಲು ಕಲಿತಂದಿನಿಂದ ಬಣ್ಣದ ಬಾನಿಗಳ ನಡುವೆಯೇ ಬೆಳೆದ ಅವನಿಗೆ ಉಗುಳು ನೀಲಿಯಾಗುವುದು, ಬೆವರು ಅಂಗಿಯ ಮೇಲೆ ಹಳದಿಯ ಗೆರೆ ಎಳೆಯುವುದು, ಉಗುರಿನ ಸಂದಿಯ ಕಪ್ಪು ಲಗ್ನದ ದಿನವೂ ಬಿಡದಿರುವುದು, ಇವು ಯಾವುವೂ ಹೊಸವಾಗಿರಲಿಲ್ಲ. ಬಣ್ಣದ ಪುಡಿಯ ಹದವನ್ನು ಬೆರಳದ್ದಿ ನಾಲಗೆಯಿಂದ ನೋಡುವುದು, ನೂಲಿನ ಲಡಿಯ ಗಂಟನ್ನು ಹಲ್ಲಿನಿಂದ ಬಿಚ್ಚುವುದು ಅವನಿಗೆ ತಂದೆಯಿಂದ ಬಂದ ರೂಢಿಗಳು. ಆ ವಾರವೆಲ್ಲ ಅವನು ಕೆಂಪು ಬಾನಿಯ ಮೇಲೆ ಇದ್ದನು. ನೋವಿಲ್ಲ, ಉರಿಯಿಲ್ಲ. ಒಳಗೆ ಹೋದ ಬಣ್ಣ ಹೊರಗೆ ಬರುತ್ತಿದೆ ಎಂದುಕೊಂಡನು.

ಆದರೂ ಸಂಶಯ ಪರಿಹಾರವಾಗಲೆಂದು ತನ್ನ ಕಾಯಕದವನಿಗೆ ಮಾತ್ರ ತೋಚಬಹುದಾದ ಒಂದು ಪರೀಕ್ಷೆಯನ್ನು ಮಾಡಿದನು. ಬಿಳಿಯ ನೂಲಿನ ಎಳೆಯೊಂದನ್ನು ಆ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಆರಿಸಿ, ತಣ್ಣೀರಿನಲ್ಲಿ ಹಿಂಡಿದನು. ಕೆಂಪು ಬಿಟ್ಟುಹೋಗಿ ನೂಲು ಮಾಸಲಾಗಿ ಉಳಿಯಿತು. ಕಚ್ಚಾ ಬಣ್ಣ, ತಾನಾಗಿಯೇ ಹೋಗುತ್ತದೆ ಎಂದು ತೀರ್ಮಾನಿಸಿದನು. ಹೋಗಿಯೂ ಹೋಯಿತು. ತನ್ನ ಪರೀಕ್ಷೆ ಸರಿಯಾಯಿತೆಂಬ ಸಮಾಧಾನದಲ್ಲಿ ಆ ಸಂಗತಿಯನ್ನು ಮರೆತೇಬಿಟ್ಟನು.

ಹುಬ್ಬಳ್ಳಿ ಧಾರವಾಡಗಳು ಕೂಡಿ ಒಂದೇ ನಗರವಾದ ಮರುವರುಷದ ಮಾತಿದು. ಮಾಗಿಯ ಚಳಿ ಮುಗಿಯುತ್ತ ಬಂದಾಗ ಕೆಂಪು ಮತ್ತೆ ಕಾಣಿಸಿತು. ಈ ಸಲ ಅದನ್ನು ಕಂಡವಳು ಬಚ್ಚಲು ತೊಳೆಯಲು ಹೋದ ಹೆಂಡತಿ ಶೇವಂತೆವ್ವ. ಅವಳು ಕೈಯಲ್ಲಿನ ಕಸಬರಿಗೆಯನ್ನು ಹಿಡಿದುಕೊಂಡೇ ಅಂಗಳಕ್ಕೆ ಬಂದಳು.

"ಏನ್ರಿ, ಇದ ಏನ್ ನಡದೈತಿ?"

"ಅದ? ಬಣ್ಣ ಅದ. ಹ್ವಾದ ಸಲನೂ ಬಂದಿತ್ತು."

"ಹ್ವಾದ ಸಲನೂ ಬಂದಿತ್ತು ಅಂತ ಈಗ ಹೇಳಾಕತ್ತೀರೇನು?" ಎಂದು ಅವಳು ಗಂಡನ ಮೊಳಕೈಯವರೆಗಿನ ಹಳದಿಯನ್ನು ನೋಡಿದಳು. "ಹದಿನೈದ ದಿನ ಆತು, ನೀವು ಹಳದಿ ಬಾನಿ ಬಿಟ್ಟು ಅತ್ತಾಗ ಸರದಿಲ್ಲ. ಹಳದಿ ಬಾನಿ ಮ್ಯಾಲಿದ್ದಾಂವಗ ಕೆಂಪು ಎಲ್ಲಿಂದ ಬರ್ತೈತ್ರಿ?"

ಪಕ್ಕದ ಬಾನಿಯ ಬಳಿ ಲಡಿ ಹೊರಳಿಸುತ್ತಿದ್ದ ಅವನ ಬಹುಕಾಲದ ಜೊತೆಗಾರ ಮಕಬೂಲಸಾಬ ಕೋಲನ್ನು ಕೈಬಿಟ್ಟು ನಿಂತನು. ಎಲ್ಲಕ್ಕೂ ನಗೆಯಾಡುವ ಆ ಮನುಷ್ಯ ಅಂದು ನಗಲಿಲ್ಲ. "ಸೋಮಣ್ಣಾ, ನಡಿ. ಪಂಡಿತರ ಕಡೆ ಹೋಗೂಣು" ಎಂದಷ್ಟೇ ಹೇಳಿದನು.

ಉಳವಪ್ಪ ಪಂಡಿತರು ಓಣಿಯ ತುದಿಯಲ್ಲಿದ್ದ ವೈದ್ಯರು. ಎಪ್ಪತ್ತು ದಾಟಿದ ದೇಹ, ಅಲುಗದ ಕೈ. ಶಿವಪೂಜೆ ಮುಗಿಯದೆ ರೋಗಿಯ ಮುಖ ನೋಡದವರು. ರೋಗಿ ಬಾಗಿಲಲ್ಲಿ ನಿಂತಿದ್ದಾನೆಂದು ತಿಳಿದರೆ ಪೂಜೆಯಿಂದ ಇನ್ನಷ್ಟು ಬೇಗ ಏಳುವವರು. ನಾಡಿ, ಮೂತ್ರ, ಮಲ, ನಾಲಗೆ, ದನಿ, ಸ್ಪರ್ಶ, ಕಣ್ಣು, ಆಕಾರ ಎಂಬ ಎಂಟು ಸ್ಥಾನಗಳಲ್ಲಿ ದೇಹವು ತನ್ನ ಕಥೆಯನ್ನು ತಾನೇ ಹೇಳುತ್ತದೆ ಎಂಬುದು ಅವರ ಗುರುಪರಂಪರೆಯ ನಂಬಿಕೆ. ಸೂರ್ಯ ಹುಟ್ಟುವ ಮೊದಲಿನ ಮೊದಲ ಮೂತ್ರವನ್ನು, ಅದರಲ್ಲಿಯೂ ಮೊದಲ ಧಾರೆಯನ್ನು ಬಿಟ್ಟು ನಡುವಿನದನ್ನು ಗಾಜಿನ ಬಟ್ಟಲಲ್ಲಿ ತರಿಸಿ, ಗರಿಕೆಯ ತುದಿಯಿಂದ ಎಳ್ಳೆಣ್ಣೆಯ ಒಂದು ಹನಿಯನ್ನು ಅದರ ಮೇಲೆ ಬಿಟ್ಟು, ಹನಿ ಹೇಗೆ ಹರಡುತ್ತದೆಂಬುದನ್ನು ಅವರು ನೋಡುವರು. ಬೇಗ ಹರಡಿದರೆ ರೋಗ ಸಾಧ್ಯ, ಅಂದರೆ ಗುಣವಾಗುವಂಥದು; ಮುಳುಗಿದರೆ ಅಸಾಧ್ಯ.

ಸೋಮಪ್ಪ ತಂದ ಬಟ್ಟಲಿನಲ್ಲಿ ಹನಿ ಹರಡಲೂ ಇಲ್ಲ, ಮುಳುಗಲೂ ಇಲ್ಲ, ಬಿದ್ದಲ್ಲಿಯೇ ನಿಂತಿತು. ಪಂಡಿತರು ಬಹಳ ಹೊತ್ತು ಅದನ್ನೇ ನೋಡಿದರು.

"ಸೋಮಪ್ಪಾ, ಇದು ಕಷ್ಟಸಾಧ್ಯ ಅಂತೈತಿ ಹನಿ. ರೋಗ ಬಸ್ತಿಯೊಳಗ, ಅಂದ್ರ ಮೂತ್ರದ ಚೀಲದಾಗ ಐತಿ ಅನ್ನೂದರಾಗ ನನಗ ಸಂಶಯ ಇಲ್ಲ. ಆದ್ರ ಯಾವ ರೋಗ, ಎಲ್ಲೈತಿ, ಎಷ್ಟೈತಿ, ಅದನ್ನ ನನ್ನ ಹನಿ ಹೇಳವಲ್ದು. ಕೇಶ್ವಾಪುರದ ಆಚೆ ಧರ್ಮಾರ್ಥ ಆಸ್ಪತ್ರಿ ಆಗೇತಲ್ಲ, ಅಲ್ಲಿಗೆ ಹೋಗು. ಚೀಲದೊಳಗ ದೀಪಾ ಬಿಟ್ಟು ನೋಡ್ತಾರಂತ."

"ದೀಪಾ? ಎಲ್ಲಿಂದ ಬಿಡ್ತಾರ್ರೀ?"

ಪಂಡಿತರು ಮುಖವನ್ನು ಆಚೆ ತಿರುಗಿಸಿ, "ಅಲ್ಲಿಗೆ ಹ್ವಾದ ಮ್ಯಾಲ ಗೊತ್ತಾಗ್ತೈತಿ" ಎಂದರು.

ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಆ ಸಪೂರವಾದ ದೀಪದ ಕೊಳವೆ ಒಳಗೆ ಇಳಿದಾಗ ಸೋಮಪ್ಪನು ತನ್ನ ಕುಲದೈವವನ್ನಲ್ಲದೆ ಅಕ್ಕಪಕ್ಕದ ಊರುಗಳ ದೈವಗಳನ್ನೂ ಕರೆದನು. ಸರ್ಜನ್ ಮುಧೋಳಕರರು ನುರಿತ ಕೈಯವರು, ಅವಸರದ ಸ್ವಭಾವದವರು. ಕೊಳವೆಯಿಂದ ಕಣ್ಣು ತೆಗೆದು ಹೇಳಿದರು:

"ಒಳಗ ಕನ್ನಡಿ ಹಂಗೈತಿ. ಗಡ್ಡಿ ಇಲ್ಲ, ಹರಳಿಲ್ಲ. ಉಷ್ಣಕ್ಕ ಒಂದೀಟು ರಕ್ತ ಹೋಗಿರಬೇಕು. ಮಜ್ಜಿಗಿ ಕುಡದು ಆರಾಮ ಇರಪಾ."

ರಕ್ತವೂ ಆಗಲೇ ನಿಂತಿತ್ತು. ಸೋಮಪ್ಪನು ಧೋತರದ ಗಂಟು ಬಿಗಿದುಕೊಂಡು ಹೊರಡುತ್ತಿದ್ದನು; ಹೊರಟೇ ಹೋಗುತ್ತಿದ್ದನು. ಬಾಗಿಲಲ್ಲಿ ನಿಂತಿದ್ದ ರೋಗಶಾಸ್ತ್ರದ ಡಾಕ್ಟರು ದೇವಕ್ಕ ಅವನನ್ನು ತಡೆದಳು.

ದೇವಕ್ಕ ಗೋಪನಕೊಪ್ಪದ ಶಾಲೆಯ ಮಾಸ್ತರರ ಮಗಳು. ಆ ಮನೆತನವು ಕೆಲವು ವರುಷಗಳ ಹಿಂದೆ ಬುದ್ಧನಿಗೆ ಶರಣಾಗಿತ್ತು. ಮುಂಬಯಿಯಲ್ಲಿ ಓದುವಾಗ ಅವಳು ಮೂತ್ರದೊಡನೆ ತೇಲಿ ಹೊರಬರುವ ಜೀವಕೋಶಗಳಿಗೆ ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ಅವುಗಳನ್ನು ಓದುವ ಹೊಸ ವಿದ್ಯೆಯನ್ನು ಕಲಿತು ಬಂದಿದ್ದಳು. ಆ ಆಸ್ಪತ್ರೆಯಲ್ಲಿ ಅದನ್ನು ಯಾರೂ ಇನ್ನೂ ನೆಚ್ಚಿರಲಿಲ್ಲ. "ಏನ್ ಬಾಯಾರ, ಇವತ್ತಿನ ಸೀಸೆ ಏನ್ ಭವಿಷ್ಯ ಹೇಳ್ತು?" ಎಂದು ಮುಧೋಳಕರರು ಬೆಳಗಿನ ಚಹಾದ ಹೊತ್ತಿಗೆ ಕೇಳುವುದು ವಾಡಿಕೆಯಾಗಿತ್ತು.

"ಸರ್, ಇವರನ್ನ ಇಷ್ಟಕ್ಕ ಬಿಡಬ್ಯಾಡ್ರಿ" ಎಂದಳು ದೇವಕ್ಕ. "ಹುಟ್ಟಿದಾಗಿಂದ ಬಣ್ಣದಾಗ ಕೈ ಅದ್ದಿದಾರ. ಬಿಲಾಯತಿ ಬಣ್ಣದ ಕಾರಖಾನ್ಯಾಗ ದುಡಿಯೋರಿಗೆ ಈ ಚೀಲದಾಗ ಅರ್ಬುದ ಏಳೂದು ಹೆಚ್ಚು ಅಂತ ಅಲ್ಲಿಯವರು ಬರದಾರ. ನೋವಿಲ್ಲದ ರಕ್ತ ಸುಮ್ಮನ ಬರೂದಿಲ್ರಿ."

"ನಾ ನನ್ನ ಕಣ್ಣಿಲೆ ನೋಡೇನಲ್ಲ ಬಾಯಾರ!"

"ನೀವು ನೋಡೀರಿ. ನನಗೂ ಒಮ್ಮೆ ನೋಡಾಕ ಬಿಡ್ರಿ."

ಮುಧೋಳಕರರು ನಕ್ಕು ಕೈಬೀಸಿದರು. ದೇವಕ್ಕ ಗಂಡಹೆಂಡಿರನ್ನು ಕೂರಿಸಿಕೊಂಡು ಇದ್ದುದನ್ನು ಮರೆಮಾಚದೆ ಹೇಳಿದಳು. "ಇದು ಕ್ಯಾನ್ಸರ್ ಇರಬಹುದು, ಇಲ್ಲದಿರಲೂಬಹುದು. ಇದ್ರ ಈಗ ಸಣ್ಣದಿರ್ತೈತಿ; ಅಷ್ಟ ಭಾಗ ಕತ್ತರಿಸಿದ್ರ ಮುಗೀತು. ನೋವು ಬರೂತನಕ ಕಾದ್ರ ಇಡೀ ಚೀಲಾನ ತಗೀಬೇಕಾಗ್ತೈತಿ. ಆಗ ಜೀವ ಉಳಿಸತೇವಿ ಅಂತ ಮಾತು ಕೊಡಾಕ ಯಾರಿಗೂ ಆಗೂದಿಲ್ಲ. ಮುಂಜಾನೆ ನಾಷ್ಟಾ ಮಾಡಿ ಇಲ್ಲಿಗೆ ಬರ್ರಿ. ಇಲ್ಲೇ ಸೀಸೆ ಕೊಡತೇನಿ."

ಶೇವಂತೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೋಮಪ್ಪ ತಲೆಯಾಡಿಸಿದನು.

ಮರುದಿನ ಅವನು ಬಂದನು. ಆದರೆ ಸೀಸೆಯನ್ನು ಮನೆಯಿಂದಲೇ ತುಂಬಿಸಿ, ಮಡಿ ಅರಿವೆಯಲ್ಲಿ ಸುತ್ತಿಕೊಂಡು ತಂದಿದ್ದನು. ಆ ದಿನ ಪ್ರಯೋಗಶಾಲೆಯ ಆಳು ಅದನ್ನು ಹಾಗೆಯೇ ತೆಗೆದಿರಿಸಿದನು. ಅದರ ಮರುದಿನವೂ ಹೀಗೆಯೇ ಆಯಿತು. ದೇವಕ್ಕ ನೀರನ್ನು ಯಂತ್ರದಲ್ಲಿ ಗರಗರನೆ ತಿರುಗಿಸಿ, ತಳಕ್ಕೆ ಇಳಿದ ಗಸಿಯನ್ನು ತತ್ತಿಯ ಬಿಳಿಲೋಳೆ ಸವರಿದ ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಕಟ್ಟಿ ನೋಡಿದಳು. ಕೋಶಗಳಿದ್ದವು, ಆದರೆ ಒಂದೂ ಇಡಿಯಾಗಿರಲಿಲ್ಲ. ಒಡೆದವು, ಊದಿದವು, ಅಂಚು ಕರಗಿದವು. ಹೌದೆನ್ನಲೂ ಅಲ್ಲವೆನ್ನಲೂ ಬಾರದ ಜರ್ಜರ ರಾಶಿ.

"ಆತಿಲ್ರಿ?" ಎಂದರು ಮುಧೋಳಕರರು. "ಸೀಸೆನೂ ಏನೂ ಇಲ್ಲ ಅಂತು. ಕಳಸ್ರಿನ್ನ ಪಾಪ, ಆ ಮನಶ್ಯಾನ್ನ."

"ಏನೂ ಇಲ್ಲ ಅಂತ ಅದು ಹೇಳಿಲ್ರಿ. ಏನೂ ಹೇಳಾಕ ಬರೂದಿಲ್ಲ ಅಂತ ಹೇಳೈತಿ. ಎರಡೂ ಒಂದಲ್ಲ" ಎಂದ ದೇವಕ್ಕ ಹೊರಗೆ ಬೆಂಚಿನ ಮೇಲಿದ್ದ ಸೋಮಪ್ಪನ ಬಳಿಗೆ ಹೋದಳು. "ಯಜಮಾನ್ರ, ಸೀಸೆ ಎಷ್ಟೊತ್ತಿಗೆ ತುಂಬಿದ್ರಿ?"

"ಬೆಳ್ಳಿಚಿಕ್ಕಿ ಮೂಡಿದಾಗ್ರಿ."

"ನಾ ಹೇಳಿದ್ದು ನಾಷ್ಟಾ ಆದ ಮ್ಯಾಲ ಅಂತ."

ಅವನ ಪರವಾಗಿ ಶೇವಂತೆವ್ವ ಬಾಯಿ ಬಿಟ್ಟಳು. "ಪಂಡಿತರನ್ನ ಕೇಳಿದ್ವಿರಿ. ಮೂತ್ರ ಅಂದ್ರ ಮೊದಲನೇದ್ದ ನೋಡಬೇಕು, ಚಹಾ ಕುಡದ ಮ್ಯಾಲಿನದು ಚಹಾದ ಸುದ್ದಿ ಹೇಳ್ತೈತಿ, ದೇಹದ್ದಲ್ಲ ಅಂದ್ರು. ನೀವು ಸಣ್ಣಾಕಿ, ಹೊಸಾಕಿ. ಮರತು ಹೇಳಿರಬೇಕು ಅಂತ ತಿಳದ್ವಿ. ನಿಮ್ಮ ತಪ್ಪು ನಾವ ತಿದ್ದಿದ್ವಿರಿ ಬಾಯಾರ."

ದೇವಕ್ಕನಿಗೆ ಸಿಟ್ಟೂ ಬಂದಿತು, ನಗೆಯೂ ಬಂದಿತು. ಎರಡನ್ನೂ ನುಂಗಿಕೊಂಡು ಅಂದೇ ಮಧ್ಯಾಹ್ನ ಶೇವಂತೆವ್ವನೊಡನೆ ಪಂಡಿತರ ಮನೆಯ ಕಟ್ಟೆಯೇರಿದಳು.

ಪಂಡಿತರು ಔಷಧದ ಬೇರುಗಳನ್ನು ಬಿಸಿಲಿಗೆ ಹರವುತ್ತಿದ್ದರು. ಮಾತನ್ನೆಲ್ಲ ಕೇಳಿ ಅವರ ಹುಬ್ಬು ಗಂಟಾಯಿತು. "ತಂಗೀ, ಇದು ನನ್ನ ಮಾತಲ್ಲ. ನನ್ನ ಗುರುಗಳಿಗೆ ಅವರ ಗುರುಗಳು ಹೇಳಿದ್ದು. ರಾತ್ರಿಯಿಡೀ ದೇಹದ ಮರ್ಮ ಎಲ್ಲಾ ಇಳದು ನಿಂತಿರೂ ನೀರು ಅದು. ಅದನ್ನ ಬಿಟ್ಟು ಎರಡನೇದು ನೋಡತೇನಿ ಅಂದ್ರ ಹ್ಯಾಂಗ?"

"ಅಜ್ಜಾರ, ನಿಮ್ಮ ಎಣ್ಣಿ ಹನಿಗೆ ಅದ ಬೇಕು. ನಾ ಬ್ಯಾಡ ಅನ್ನೂದಿಲ್ಲ. ಆದ್ರ ನಾ ನೋಡೂದು ನೀರಲ್ರಿ. ಚೀಲದ ಒಳಮೈಯಿಂದ ಉದುರಿ ನೀರಿನ್ಯಾಗ ತೇಲಿ ಬರೂ ಕೋಶಾನ್ನ. ರಾತ್ರಿಯಿಡೀ ಆ ನೀರಾಗ ನೆನದ್ರ ಅವು ಒಡದು ಹೋಗ್ತಾವು. ಎದ್ದು, ನಾಕು ಹೆಜ್ಜಿ ತಿರುಗಾಡಿ, ನೀರು ಕುಡದು, ಅದಾದ ಮ್ಯಾಲ ಬರೂದರಾಗ ಹೊಸದಾಗಿ ಉದುರಿದ್ದು ಸಿಗ್ತಾವು. ಅವು ಇಡಿಯಾಗಿರ್ತಾವು."

ಪಂಡಿತರು ಹರವುತ್ತಿದ್ದ ಬೇರನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತರು. ಅಂಗಳದ ಬೇವಿನ ನೆರಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯಿತು. ಶೇವಂತೆವ್ವ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣಾಡಿಸಿದಳು; ಅವಳ ಕುಂಕುಮದ ಅಳಿವು ಉಳಿವು ಪಂಡಿತರ ಮಾತಿನ ಮೇಲೆ ತೂಗುತ್ತಿತ್ತು.

"ಈ ಬೇರು" ಎಂದರು ಪಂಡಿತರು ಕೊನೆಗೆ, "ಚಳಿಗಾಲದಾಗ ಅಗದದ್ದು. ಇದರದ ಎಲಿ ಬೇಕಾದ್ರ ಮಳಿ ಬಿದ್ದ ಮ್ಯಾಲ ಕೊಯ್ತೇನಿ. ಗಿಡ ಒಂದ. ಬೇಕಾದದ್ದು ಬ್ಯಾರೆ ಆದ್ರ ಕಾಲಾನೂ ಬ್ಯಾರೆ. ಇದನ್ನ ನನಗೂ ಗುರುಗಳ ಹೇಳಿಕೊಟ್ಟಾರ." ಅವರು ಬೇರನ್ನು ಕೆಳಗಿಟ್ಟು ಎದ್ದರು. "ಯವ್ವಾ ಶೇವಂತೆವ್ವ, ನಾಳೆ ನಿನ್ನ ಗಂಡನ್ನ ನಾನ ಕರಕೊಂಡು ಹೋಗತೇನಿ. ದಾರ್ಯಾಗ ಬಾಯಿ ಕಟ್ಟಿಕೊಂಡು ಬರಲಿ ಅಂತ ಹೇಳು. ಅವಗ ನೂರಾ ಎಂಟು ಪ್ರಶ್ನಿ."

ಮರುದಿನ ಪಂಡಿತರು ಪ್ರಯೋಗಶಾಲೆಯ ಹೊಸ್ತಿಲಲ್ಲಿ ಪಾದರಕ್ಷೆ ಬಿಟ್ಟು ಒಳಗೆ ಬಂದರು. ಗೋಡೆಯ ಮೇಲೆ ಬುದ್ಧನ ಚಿತ್ರವಿತ್ತು. ಅದರ ಮುಂದೆ ನಿಂತು ಕೈಜೋಡಿಸಿ, "ಇವರನ್ನ ಹಿಂದಿನವರು ಮಹಾವೈದ್ಯ ಅಂತಿದ್ರು. ಸರಿಯಾದ ಜಾಗಾದಾಗ ಇಟ್ಟೀಯಿ ತಂಗೀ" ಎಂದರು. ಆಸ್ಪತ್ರೆಯಲ್ಲಿ ತನ್ನ ಮೇಜಿನ ಬಳಿಗೆ ಬಂದು ಯಾರಾದರೂ ಇಂಥ ಮಾತನಾಡಿದ್ದು ದೇವಕ್ಕನಿಗೆ ಅದೇ ಮೊದಲು.

ಸೋಮಪ್ಪ ಚಹಾ ಕುಡಿದು, ಆಸ್ಪತ್ರೆಯ ಬೇವಿನ ಮರವನ್ನು ಸುತ್ತುಹಾಕಿ, ಎರಡನೆಯದನ್ನು ಅಲ್ಲಿಯೇ ಕೊಟ್ಟನು. ಬಿಸಿ ಆರುವ ಮುನ್ನ ಅದು ಯಂತ್ರಕ್ಕೆ ಹೋಯಿತು. ಆ ಸಂಜೆ ದೇವಕ್ಕ ಕಂಡದ್ದರಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ. ಇಡಿಯಾದ ಕೋಶಗಳು, ಒಂದರಂತೆ ಒಂದಿಲ್ಲ. ಅವುಗಳ ನಡುವಿನ ಬೀಜ ಅಳತೆಮೀರಿ ಉಬ್ಬಿ, ಬಣ್ಣವನ್ನು ಹೀರಿ ಹೀರಿ ಮಸಿಯಂತೆ ಕಪ್ಪಾಗಿತ್ತು. ಅವಳು ಮತ್ತೊಂದು ದಿನದ ನೀರನ್ನೂ ನೋಡಿದಳು. ಅಲ್ಲಿಯೂ ಅವೇ.

ಆದರೆ ಗೆಲುವು ಇನ್ನೂ ದೂರವಿತ್ತು. "ಬಾಯಾರ, ಕಣ್ಣಿಗೆ ಕಾಣದ ಗಡ್ಡಿಗೆ ಚಾಕು ಎಲ್ಲಿ ಹಾಕ್ಲಿ?" ಎಂದು ಮುಧೋಳಕರರು ಕೇಳಿದರು. ಅದು ಅಪಹಾಸ್ಯವಲ್ಲ, ನ್ಯಾಯವಾದ ಪ್ರಶ್ನೆ. "ಇನ್ನೊಮ್ಮೆ ಒಳಗ ನೋಡ್ರಿ ಸರ್" ಎಂದಳು ದೇವಕ್ಕ. "ಆ ಮನಶ್ಯಾ ಒಪ್ಪಿದ್ರ ನೋಡತೇನಿ" ಎಂದರು ಅವರು.

ಆ ಮನುಷ್ಯ ಒಪ್ಪಲಿಲ್ಲ. "ರಕ್ತ ನಿಂತೈತಿ. ನೋವಿಲ್ಲ. ಆ ಕೊಳವಿ ಇನ್ನೊಮ್ಮೆ ಒಳಗ ಹೋಗಬೇಕಾದ್ರ ನನ್ನ ಹೆಣದ ಮ್ಯಾಲಿಂದ ಹೋಗಬೇಕ್ರಿ" ಎಂದು ಸೋಮಪ್ಪ ಎದ್ದು ನಿಂತನು. ಶೇವಂತೆವ್ವ ಅತ್ತಳು, ಪಂಡಿತರು ಗದರಿಸಿದರು. ಅವನು ಕದಲಲಿಲ್ಲ.

ದೇವಕ್ಕ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. "ಹೋಗ್ರಿ ಯಜಮಾನ್ರ. ಹೋಗೂಕಿಂತ ಮೊದಲ ಒಂದು ಬಣ್ಣ ನೋಡಿ ಹೋಗ್ರಿ. ಹ್ಯಾಂಗ ಕೂತೈತಿ ಅಂತ ಹೇಳ್ರಿ" ಎಂದಳು.

ಬಣ್ಣ ನೋಡು ಎಂದರೆ ಇಲ್ಲವೆನ್ನುವುದು ನೀಲಗಾರನಿಗೆ ಸಾಧ್ಯವಿರಲಿಲ್ಲ. ಸೋಮಪ್ಪ ಹಿಂದಿರುಗಿದನು. ಆದರೆ ತೋರಿಸಲು ಎರಡು ಪಟ್ಟಿಗಳು ಬೇಕು: ಒಂದು ಅವನದು, ಇನ್ನೊಂದು ಆರೋಗ್ಯವಂತನದು, ಎರಡನ್ನೂ ಒಂದೇ ಸಲ ಬಣ್ಣಕ್ಕೆ ಅದ್ದಬೇಕು. "ಯಾರದಾರ ಒಂದು ಸೀಸೆ ಬೇಕು" ಎಂದು ದೇವಕ್ಕ ಸುತ್ತಲೂ ನೋಡಿದಳು. ಪಂಡಿತರು ಕೆಮ್ಮಿದರು. ಶಾಲನ್ನು ಸರಿಪಡಿಸಿಕೊಂಡರು. ಆಮೇಲೆ ಕೈ ಚಾಚಿ ಸೀಸೆಯನ್ನು ತೆಗೆದುಕೊಂಡು ಹೊರಗೆ ನಡೆದರು. ಜನ್ಮವಿಡೀ ಇತರರ ಬಟ್ಟಲುಗಳನ್ನು ನೋಡಿದ ಆ ವೃದ್ಧರು ಶಾಲಿನ ಮರೆಯಲ್ಲಿ ತಮ್ಮದನ್ನು ಹಿಡಿದು ತಂದಾಗ, ಅಳುತ್ತಿದ್ದ ಶೇವಂತೆವ್ವನಿಗೂ ನಗೆ ತಡೆಯಲಾಗಲಿಲ್ಲ.

ಸೋಮಪ್ಪ ಮೊದಲು ಪಂಡಿತರ ಪಟ್ಟಿಯನ್ನು ನೋಡಿದನು. ಸೂಕ್ಷ್ಮದರ್ಶಕಕ್ಕೆ ಕಣ್ಣು ಹೊಂದುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನ ಬೆನ್ನು ನೆಟ್ಟಗಾಯಿತು. ಕೊಳದ ಮೇಲೆ ತೇಲುವ ಎಲೆಗಳಂತೆ ಅಗಲವಾದ, ತೆಳುವಾದ ಹಸಿರುನೀಲಿಯ ಕೋಶಗಳು. ಪ್ರತಿಯೊಂದರ ನಡುವೆ ಚಿಕ್ಕದೊಂದು ಬೀಜ, ಹದವಾಗಿ ಬಣ್ಣ ಹಿಡಿದದ್ದು.

"ಆಹಾ, ಪಂಡಿತರ! ನಿಮ್ಮೊಳಗ ಎಂಥಾ ಛಲೋ ಹದ ಐತ್ರಿ! ಒಂದ ಕಡೆನೂ ಕಲಿ ಇಲ್ಲ."

"ನೋಡೂದು ನೋಡು. ಹೊಗಳಬ್ಯಾಡ" ಎಂದರು ಪಂಡಿತರು.

ದೇವಕ್ಕ ಪಟ್ಟಿಯನ್ನು ಬದಲಿಸಿದಳು. ಸೋಮಪ್ಪ ಮತ್ತೆ ಬಗ್ಗಿದನು. ಅವನು ಕಣ್ಣು ತೆಗೆದು, ಉಜ್ಜಿಕೊಂಡು, ಮತ್ತೆ ಇಟ್ಟನು.

"ಇವು ಬಣ್ಣ ಹೆಚ್ಚ ಕುಡದಾವ್ರಿ."

"ಹೌದು."

"ಒಂದ ಬಾನಿ ಏನ್ರಿ? ಅವರದೂ ಇದೂ?"

"ಒಂದ ಬಾನಿ. ಒಂದ ಬಣ್ಣ. ಕೂಡಿಸಿ ಅದ್ದಿದ್ದು, ಕೂಡಿಸಿ ತಗದದ್ದು. ನೀವ ನೋಡಾಕತ್ತಿದ್ರಿ."

ಸೋಮಪ್ಪನು ಇನ್ನೊಮ್ಮೆ ಕಣ್ಣಿಟ್ಟು ನೋಡಿದನು. ನೂಲಿನ ಲಡಿಗಳನ್ನು ಒಂದೇ ಬಾನಿಯಲ್ಲಿ ಒಂದೇ ಹೊತ್ತು ಅದ್ದಿದಾಗ, ಒಂದು ಲಡಿ ಮಾತ್ರ ಬಣ್ಣವನ್ನು ಮಿತಿಮೀರಿ ಕುಡಿದು ಮಸಿಯಾದರೆ ನೀಲಗಾರನು ಬಾನಿಯನ್ನು ಬೈಯುವುದಿಲ್ಲ, ಪುಡಿಯನ್ನು ಬೈಯುವುದಿಲ್ಲ. ಆ ಲಡಿಯ ನೂಲೇ ಕೆಟ್ಟಿದೆ ಎಂದು ಅವನು ಬಲ್ಲನು. ಅದನ್ನು ತೆಗೆದುಹಾಕದಿದ್ದರೆ ನೇಯ್ದ ಸೀರೆಯೂ ಕೆಡುವುದೆಂದು ಬಲ್ಲನು. ಹಿಂದೆ ಅವನು ಒಂದೆಳೆ ನೂಲನ್ನು ನೀರಿನಲ್ಲಿ ಅದ್ದಿ ಏನೂ ಇಲ್ಲವೆಂದು ತಿಳಿದಿದ್ದನು. ಇಲ್ಲಿ ಈ ಹೆಣ್ಣುಮಗಳು ಆ ನೀರಿನೊಳಗಿನ ಎಳೆಯನ್ನೇ ಹಿಡಿದು ಬಣ್ಣಕ್ಕೆ ಅದ್ದಿದ್ದಳು.

"ದೋಷ ಎಳ್ಯಾಗ ಐತಿ" ಎಂದನು ಮೆಲ್ಲಗೆ. "ಬಣ್ಣದಾಗ ಅಲ್ಲ." ಆಮೇಲೆ ಎದ್ದು ನಿಂತು ಹೆಂಡತಿಯ ಕಡೆಗೆ ತಿರುಗಿದನು. "ಏಳ, ಅಳಬ್ಯಾಡ. ಸರ್ಜನ್ ಸಾಹೇಬರು ಎಲ್ಲಿ ಕೂಡ್ತಾರ? ಕೊಳವಿ ಕಾಸಿಕೊಂಡು ತರ್ರಿ ಅಂತ ನಾನ ಹೇಳತೇನಿ."

ಎರಡನೆಯ ಸಲ ಮುಧೋಳಕರರು ಅವಸರ ಮಾಡಲಿಲ್ಲ. ತಳವನ್ನು ನೋಡಿದರು, ಬಲಗೋಡೆ ಎಡಗೋಡೆಗಳನ್ನು ನೋಡಿದರು. ಕನ್ನಡಿಯಂತೆ ನಿರ್ಮಲ. ದೇವಕ್ಕ ಮೇಜಿನ ಪಕ್ಕದಲ್ಲಿಯೇ ನಿಂತಿದ್ದಳು.

"ನೆತ್ತಿ ಸರ್" ಎಂದಳು. "ಚೀಲದ ನೆತ್ತಿ. ಅಲ್ಲಿ ಗಾಳಿ ಗುಳ್ಳಿ ಕೂತಿರ್ತೈತಿ, ಅದರ ಹಿಂದಿಂದು ಕಾಣೂದಿಲ್ಲ. ಹೊಟ್ಟಿ ಮ್ಯಾಲಿಂದ ಒತ್ತಿದ್ರ ಕೆಳಗ ಇಳೀಬಹುದು."

ಮುಧೋಳಕರರು ಎಡಗೈಯಿಂದ ಸೋಮಪ್ಪನ ಕಿಬ್ಬೊಟ್ಟೆಯನ್ನು ಒತ್ತಿದರು. ಗಾಳಿಯ ಗುಳ್ಳೆ ಪಾದರಸದಂತೆ ಜಾರಿ ಬದಿಗೆ ಸರಿಯಿತು. ಅದು ಸರಿದ ಜಾಗದಲ್ಲಿ, ನೆತ್ತಿಯ ನಡುವೆ, ಹವಳದ ಹರಳಿನಂತೆ ಕೆಂಪಾದ ಒಂದು ಚಿಕ್ಕ ಗಂಟು ಅವರ ಕಣ್ಣೆದುರು ಇಳಿದು ಬಂದಿತು.

ಮುಧೋಳಕರರು ಕೈ ಸಡಿಲಿಸದೆಯೇ ತಮ್ಮ ತಲೆಯನ್ನು ಬದಿಗೆ ಸರಿಸಿದರು. "ದೇವಕ್ಕಾ, ಬರ್ರಿ. ನೀವ ನೋಡ್ರಿ. ನೀವ ಮೊದಲ ನೋಡಬೇಕಾದದ್ದು ಇದು."

ದೇವಕ್ಕ ಬಗ್ಗಿ ನೋಡಿದಳು. ಗಾಜಿನ ಪಟ್ಟಿಯ ಮೇಲೆ ಉದುರಿದ ಎಲೆಗಳಿಂದ ತಾನು ಊಹಿಸಿದ ಗಿಡವು ಅಲ್ಲಿ ನಿಂತಿತ್ತು.

"ಏನೈತ್ರಿ? ಯಾರರ ನನಗೂ ಹೇಳ್ರಲಾ!" ಎಂದು ಮೇಜಿನ ಮೇಲಿಂದ ಸೋಮಪ್ಪ ಕೂಗಿದನು.

"ಸಿಕ್ತೋ ಮಾರಾಯಾ, ಸಿಕ್ತು!" ಎಂದರು ಮುಧೋಳಕರರು. "ಕಡ್ಲಿಕಾಳಿನಷ್ಟ ಐತಿ. ನೆತ್ತಿಮ್ಯಾಲ ಒಂದ ಐತಿ. ಇದಕ್ಕಿಂತ ಛಲೋ ಜಾಗಾದಾಗ ಕೂಡು ಅಂದ್ರೂ ಅದಕ್ಕ ಕೂಡಾಕ ಬರ್ತಿದ್ದಿಲ್ಲ. ಅಷ್ಟ ಭಾಗ ಕತ್ತರಿಸಿ ಹೊಲೀತೇನಿ. ಚೀಲ ನಿನ್ನದ ನಿನಗ ಉಳೀತೈತಿ."

ಹಾಗೆಯೇ ಆಯಿತು. ಗಂಟನ್ನೂ ಅದರ ಸುತ್ತಲಿನ ಒಳ್ಳೆಯ ಅಂಚನ್ನೂ ಕತ್ತರಿಸಿ ತೆಗೆದು ಮುಧೋಳಕರರು ತಾವೇ ದೇವಕ್ಕನ ಮೇಜಿಗೆ ತಂದಿಟ್ಟರು. ಅದು ಅರ್ಬುದವೇ ಎಂದೂ, ಅಂಚಿನಲ್ಲೆಲ್ಲೂ ಅದರ ಬೇರು ಉಳಿದಿಲ್ಲವೆಂದೂ ಅವಳು ಬರೆದುಕೊಟ್ಟಳು. ಸೋಮಪ್ಪ ಹಾಸಿಗೆಯಲ್ಲಿ ಎದ್ದು ಕೂತ ದಿನ ಮಕಬೂಲಸಾಬ ಕಿತ್ತಳೆ ಹಣ್ಣು ತಂದು, "ಏನ್ ಸೋಮಣ್ಣಾ, ಚೀಲ ಸಣ್ಣದಾತಂತ? ಇನ್ನ ಕಂಪನಿ ನಾಟಕಕ್ಕ ಹೋದ್ರ ನಡುವ ನಾಕು ಸಲ ಹೊರಗ ಏಳ್ತಿ ಹಂಗಾರ!" ಎಂದನು. ಹೊಲಿಗೆ ಎಳೆದೀತೆಂದು ಹೊಟ್ಟೆ ಹಿಡಿದುಕೊಂಡು ಸೋಮಪ್ಪ ನಕ್ಕನು. ಶೇವಂತೆವ್ವ ಮಕಬೂಲಸಾಬನನ್ನು ಹೊರಗೆ ಅಟ್ಟಿದಳು.

ಇಷ್ಟಕ್ಕೆ ಮುಗಿಯುವುದಿಲ್ಲವೆಂದು ದೇವಕ್ಕ ಮೊದಲೇ ಹೇಳಿದ್ದಳು. ಈ ರೋಗಕ್ಕೆ ಮತ್ತೆ ಚಿಗುರುವ ಸ್ವಭಾವವಿದೆ. ಕಣ್ಣಿಗೆ ಕಾಣುವ ಮುನ್ನ ಅದು ನೀರಿನಲ್ಲಿ ಸುಳಿವು ಬಿಡುತ್ತದೆ. ಆದುದರಿಂದ ಮೂರು ತಿಂಗಳಿಗೊಮ್ಮೆ ಸೀಸೆ ಬರಲೇಬೇಕು. ಸೋಮಪ್ಪ ತಪ್ಪಿಸಲಿಲ್ಲ. ಮೊದಲ ಸಲ ಕೋಶಗಳಲ್ಲಿ ಗಾಯ ಮಾಯುವಾಗಿನ ಕಲಕು ಇತ್ತು. ದೇವಕ್ಕ ಏನನ್ನೂ ಹೇಳದೆ ಮತ್ತೆ ಬರಹೇಳಿದಳು. ಆ ನಡುವಿನ ದಿನಗಳಲ್ಲಿ ಶೇವಂತೆವ್ವನ ಮನೆಯಲ್ಲಿ ಒಗ್ಗರಣೆಯ ಸದ್ದೇ ಕೇಳಲಿಲ್ಲ. ಮುಂದಿನ ಸಲ ಕಲಕು ತಿಳಿಯಾಗಿತ್ತು. ಅದರ ಮುಂದಿನ ಸಲವೂ ತಿಳಿ. ವರುಷ ತುಂಬಿದಾಗ ಮುಧೋಳಕರರು ಕೊಳವೆಯಿಂದಲೂ ನೋಡಿ, ನೆತ್ತಿಯನ್ನು ಒತ್ತಿ ಒತ್ತಿ ನೋಡಿ, "ಸೀಸೆ ಹೇಳಿದ್ದ ಖರೇ. ಒಳಗ ಏನೂ ಇಲ್ಲ" ಎಂದರು. ಈಗೀಗ ಬೆಳಗಿನ ಚಹಾದ ಹೊತ್ತಿಗೆ "ಏನ್ ಬಾಯಾರ, ಇವತ್ತಿನ ಸೀಸೆ ಏನ್ ಹೇಳ್ತು?" ಎಂದು ಅವರು ಕೇಳುವುದು ಉತ್ತರ ಬೇಕಾಗಿಯೇ. ಉತ್ತರ ಬರುವ ತನಕ ಕೊಳವೆಯನ್ನು ಮುಟ್ಟುತ್ತಿರಲಿಲ್ಲ.

ಆ ದಿನ ಸೋಮಪ್ಪ ಸಂಕೋಚ ಬಿಟ್ಟು ಕೇಳಿದನು: "ಬಾಯಾರ, ನಾ ಒಮ್ಮೆ ನೋಡ್ಲಿ?"

ದೇವಕ್ಕ ಕುರ್ಚಿಯನ್ನು ಬಿಟ್ಟುಕೊಟ್ಟಳು. ಅಗಲವಾದ, ತೆಳುವಾದ, ಹಸಿರುನೀಲಿಯ ಎಲೆಗಳು. ನಡುವೆ ಹದವಾದ ಚಿಕ್ಕ ಬೀಜಗಳು. ಒಂದೂ ಬಣ್ಣವನ್ನು ಮಿತಿಮೀರಿ ಕುಡಿದಿರಲಿಲ್ಲ.

"ಪಂಡಿತರದಕ್ಕ ಸರಿಸಮ ಐತ್ರಿ ಈಗ" ಎಂದನು, ಕಣ್ಣು ತೆಗೆಯದೆಯೇ.

ಮರುವಾರ ಆಸ್ಪತ್ರೆಯ ಹಾದಿಯಲ್ಲಿ ಜನ ನಿಂತು ನೋಡುವಂಥದೊಂದು ನಡೆಯಿತು. ನೀಲಗಾರರ ಓಣಿಯಲ್ಲಿ ಆ ದಿನ ಒಂದು ಬಾನಿಯ ಕೆಳಗೂ ಬೆಂಕಿ ಹೊತ್ತಲಿಲ್ಲ. ಪುಡಿಯನ್ನು ನಾಲಗೆಯಿಂದ ನೋಡುವವರಿಗೆ ಇನ್ನು ತನ್ನ ಅಂಗಳದಲ್ಲಿ ಕೆಲಸವಿಲ್ಲವೆಂದು ಸೋಮಪ್ಪ ಮೊದಲೇ ಸಾರಿದ್ದನು. ಅವನ ಸ್ವಂತ ಕೈಗಳಿಗೆ ರಬ್ಬರಿನ ಕೈಗವಸುಗಳು ಬಂದಿದ್ದವು. ಈಗ ಓಣಿಯ ಬಣ್ಣಗಾರರೆಲ್ಲರೂ ಅವನ ಹಿಂದೆ ಹೊರಟಿದ್ದರು: ನೀಲಿಯ ಮೊಳಕೈಗಳು, ಕೆಂಪಿನ ಅಂಗೈಗಳು, ಹಸಿರು ಹತ್ತಿದ ಗಡ್ಡಗಳು. ಎಲ್ಲರಿಗಿಂತ ಮುಂದೆ ಉಳವಪ್ಪ ಪಂಡಿತರು ಶಾಲು ಹೊದ್ದು ಕೋಲೂರಿ ನಡೆಯುತ್ತಿದ್ದರು. ಕೇಶ್ವಾಪುರದ ಅಂಗಡಿಯವರು ತಕ್ಕಡಿಗಳನ್ನು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದರು.

"ಎಲ್ಲಿಗೆ ಹೊಂಟಿದ್ರಿ ಇಷ್ಟೂ ಮಂದಿ?" ಎಂದು ಒಬ್ಬನು ಕೇಳಿದನು.

"ಒಂದಕ್ಕ ಹೊಂಟೇವಿ!" ಎಂದು ಮಕಬೂಲಸಾಬ ಕೂಗಿ ಹೇಳಿದನು. "ನಮ್ಮ ಓಣಿಯಾಗ ಜಾಗಾ ಸಾಲವಲ್ದು!"

ಆಸ್ಪತ್ರೆಯ ಅಂಗಳ ನಗೆಯಿಂದ ತುಂಬಿತು. ದೇವಕ್ಕ ಮೆಟ್ಟಿಲ ಮೇಲೆ ಬಂದು ನಿಂತಳು. ಅವಳ ಪಕ್ಕಕ್ಕೆ ಮುಧೋಳಕರರು ಬಂದು, ಸೀಸೆಗಳ ಬುಟ್ಟಿಯನ್ನು ತಾವೇ ಎತ್ತಿ ಹಿಡಿದರು. ಪಂಡಿತರು ಕೋಲೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಅನೇಕ ವರುಷಗಳಿಂದ ಆ ಓಣಿಯ ನಾಡಿ ಹಿಡಿದ ಅದೇ ಗಂಭೀರವಾದ ದನಿಯಲ್ಲಿ ಒಬ್ಬೊಬ್ಬರನ್ನೂ ವಿಚಾರಿಸತೊಡಗಿದರು.

"ಎದ್ದ ಮ್ಯಾಲ ಮೊದಲನೇದು ಎಲ್ಲಿ ಬಿಟ್ಟಿ?"

"ಮನ್ಯಾಗ್ರಿ ಅಜ್ಜಾರ."

"ಚಹಾ ಕುಡದೀಯಿಲ್ಲೋ?"

"ಕುಡದೇನ್ರಿ."

"ನಡದು ಬಂದೀಯೋ, ಟಾಂಗಾದಾಗ ಬಂದೀಯೋ?"

"ನಡದ್ರಿ."

"ಹೋಗು ಹಂಗಾರ" ಎಂದು ಪಂಡಿತರು ದಾರಿ ಬಿಟ್ಟರು. ಮುಂದಿನವನ ಕಡೆಗೆ ತಿರುಗಿ, "ನೀ?" ಎಂದರು.

ಸೋಮಪ್ಪ ಬೇವಿನ ಕಟ್ಟೆಯ ಮೇಲೆ ಶೇವಂತೆವ್ವನ ಪಕ್ಕದಲ್ಲಿ ಕುಳಿತಿದ್ದನು. ಮಡಿಲಲ್ಲಿಟ್ಟುಕೊಂಡ ಅವನ ಅಂಗೈಗಳು ಹುಟ್ಟಿದ ಮೇಲೆ ಮೊದಲ ಸಲ ಬರಿಯ ಮೈಬಣ್ಣದವಾಗಿದ್ದವು. ಅವನು ಅವುಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದನು.

"ಏನ್ ನೋಡತೀರಿ?" ಎಂದಳು ಅವಳು.

"ಬಣ್ಣ ಛಲೋ ಹಿಡದೈತಿ" ಎಂದನು ಸೋಮಪ್ಪ, ತನ್ನ ಕೈಗಳನ್ನು ಬಿಸಿಲಿಗೆ ಹಿಡಿದು.